ನಮ್ಮ ಪ್ಯಾಟೆ ಬೀದಿಗೆ ಬಸ್ಸು ಬಂದಿದ್ದು

ಸಿರಾದಾಗೆ ನಮ್ಮ ಕಂಬ್ಳಿ ಅಂಗ್ಡಿ ಇದ್ದಿದ್ದು ಪ್ಯಾಟೆ ಬೀದ್ಯಾಗೆ. ಈಗ ಇಲ್ಲ. ಯಾಕಿಲ್ಲ ಅಂತ ಸಿಕ್ಕಿದೋರೆಲ್ಲ ಕೇಳ್ತಾರೆ. ಕೆಲವ್ರು ನಮ್ಮಪ್ಪ ಕುಡ್ದು ಕಳ್ದ ಅಂತಾರೆ. ಅವನು ಕುಡಿಯೋನೇ ಅಲ್ಲ. ಅಂಗ್ಡಿ ಹೋಗಿದ್ದು ಬಸ್ಸಿನಿಂದ. ಹೆಂಗೆ ಅಂತ ಬರೀತೀನಿ.

ಬೀದಿ ಬಾಳ ಅಗಲ ಏನಿರ್ಲಿಲ್ಲ. ಎರಡು ಎತ್ತಿನಗಾಡಿ ಎದುರುಬದ್ರು ಬಂದ್ರೆ ಒಂದು ನಿಂತ್ಕಬೇಕು. ಎರಡೂ ಕಡೆ ಅಂಗ್ಡಿ, ಅಂಗ್ಡಿ ಮುಂದೆ ಕಲ್ಲಿನ ಜಗ್ಲಿ. ಆಗ ಬಸ್ಸು ಊರಾಚೆ ಪೂನಾ ರೋಡ್ನಾಗೆ ನಿಲ್ತಿತ್ತು. ಪಾವಗಡದ ಕಡೆಯೋರು, ಗೌಡಗೆರೆ ಕಡೆಯೋರು ಅಲ್ಲಿ ಇಳ್ದು ನಮ್ಮ ಬೀದಿ ಉದ್ದಕ್ಕೂ ನಡ್ಕೊಂಡು ಸಂತೆ ಮಾಳಕ್ಕೋ ತಾಲ್ಲೂಕು ಕಚೇರಿಗೋ ಹೋಗ್ಬೇಕು. ಬ್ಯಾರೆ ನೇರ ದಾರಿ ಇರ್ಲಿಲ್ಲ.

ನಮ್ಮ ಯಾಪಾರ ಅಂಗ್ಡಿ ಒಳಗೆ ನಡೀತಿರ್ಲಿಲ್ಲ, ಜಗ್ಲಿ ಮ್ಯಾಲೆ ನಡೀತಿತ್ತು. ಹಳ್ಳಿಯಿಂದ ನೇಯೋರು ಕಂಬ್ಳಿ ಹೊತ್ಕೊಂಡು ಬರೋರು. ಕೂತ್ಕೊಂಡು, ನೀರು ಕುಡ್ದು, ಎಲಡ್ಕೆ ಹಾಕ್ಕೊಂಡು, ಊರ ಸುದ್ದಿ ಎಲ್ಲಾ ಆದ್ಮ್ಯಾಲೆ ಗಂಟು ಬಿಚ್ಚೋರು. ಅಪ್ಪ ಕಂಬ್ಳಿಯ ನಾಕು ಮೂಲೆ ಹಿಡ್ಸಿ ಮಧ್ಯಕ್ಕೆ ಒಂದು ಚೊಂಬು ನೀರು ಉಯ್ಯೋನು. ನೀರು ಕೆಳಕ್ಕಿಳುದ್ರೆ ನೇಯ್ಗೆ ಸಡ್ಲ. ನಿಂತ್ರೆ ಗಟ್ಟಿ.

ಆಮ್ಯಾಲೆ ಬೆಲೆ. ಬೆಲೆ ಬಾಯಾಗೆ ಆಡಂಗಿಲ್ಲ. ಕೊಡೋನು ತಗೊಳ್ಳೋನು ಇಬ್ರೂ ಕೈ ಮ್ಯಾಲೆ ಒಂದು ಟವಲ್ ಹಾಕ್ಕೊಂಡು, ಅದರಡೀಲಿ ಬೆರಳು ಹಿಡ್ದು ಮಾತಾಡ್ಬೇಕು. ಪಕ್ಕದಾಗೆ ಕೂತೋರಿಗೆ ಮುಖ ಕಾಣೋದು, ಬೆಲೆ ಕಾಣ್ತಿರ್ಲಿಲ್ಲ. ಇದ್ರಾಗೆ ಒಂದು ಕಟ್ಟುಪಾಡು ಇತ್ತು. ಬೆಲೆ ಕುದ್ರೋಕ್ ಮುಂಚೆ ಯಾರಾನ ಕೈ ಆಚೆ ತಗುದ್ರೋ, ಮುಗೀತು. ಅವತ್ತು ಅವರಿಬ್ರ ಮಧ್ಯೆ ಯಾಪಾರ ಇಲ್ಲ. ಕಾಲು ಹಿಡುದ್ರೂ ಇಲ್ಲ. ಮುರ್ದಿದ್ದಕ್ಕೆ ಬೇಜಾರೂ ಇಲ್ಲ, ಎದ್ದು ಇನ್ನೊಂದು ಅಂಗ್ಡಿಗೆ ಹೋಗ್ಬೋದು. ತಾತನ ಕಾಲದಿಂದ ಇಂಗೇ.

ಐವತ್ತರ ಇಸ್ವಿಗಳು ಮುಗಿಯೋ ಹೊತ್ಗೆ ಬೀದಿ ಮಂಕಾಗಿತ್ತು. ಮಿಲ್ಲಿನ ರಗ್ಗು ಬಂದ್ಬುಟ್ಟಿತ್ತು. ಬಣ್ಣ ಬಣ್ಣದ್ದು, ಹಗುರ, ಚುಚ್ಚಲ್ಲ. ಅತ್ಲಾಗೆ ಪೂನಾ ರೋಡ್ನಾಗೆ ಬಸ್ಸು ನಿಲ್ಲೋ ಕಡೆ ಒಂದು ಟೀ ಹೋಟ್ಲು ಆಯ್ತು, ಸೋಡಾ ಅಂಗ್ಡಿ ಆಯ್ತು, ಕಡೀಗೆ ರಗ್ಗು ಮಾರೋನೂ ಅಲ್ಲೇ ಪೆಟ್ಗೆ ಅಂಗ್ಡಿ ಇಕ್ಕೊಂಡ. ನಮ್ಮೋರು ಅದನ್ನ ನೋಡಿ ನೋಡಿ ಹೊಟ್ಟೆ ಉರ್ಕೊಳ್ಳೋರು.

ಒಂದ್ ಸಾಯಂಕಾಲ ಬೀದಿಯೋರೆಲ್ಲ ನಮ್ಮ ಜಗ್ಲಿ ಮ್ಯಾಲೆ ಸೇರಿದ್ರು. ಅಪ್ಪ ಎದ್ದು ನಿಂತು, "ಬಸ್ಸಿದ್ ಕಡೆ ಜನ ಅವ್ರೆ. ಬಸ್ಸು ಬೀದಿ ಒಳಕ್ಕೇ ತರಾನ. ಬೀದಿ ಎದ್ ಕೂತ್ಕೊತದೆ," ಅಂದ.

ಎದುರಿನ ಬಳೆ ಅಂಗ್ಡಿ ಶೆಟ್ಟ್ರು ನಕ್ರು. "ಅದೇನ್ ನಿಮ್ಮನೆ ಎತ್ತಾ, ಮೂಗುದಾರ ಹಾಕಿ ಎಳ್ಕೊಂಡ್ ಬರಾಕೆ?"

"ನಕ್ಕೊಂಡೇ ಇರಿ ಶೆಟ್ರೆ. ಬಳೆ ಅಂಗ್ಡೀಲಿ ಜೇಡ ಬಲೆ ಕಟ್ತಾ ಐತೆ. ಅದಕ್ಕೂ ತೊಡಿಸ್ತೀರಾ ಬಳೆ?"

ಎಲ್ರೂ ನಕ್ರು. ನಕ್ಕು ಒಪ್ಕೊಂಡ್ರು. ಅಪ್ಪ ಬಸ್ಸಿನ ಸಾವ್ಕಾರನ್ನ ಕಂಡ, ಮುನಸಿಪಾಲ್ಟಿಗೂ ಅಲೆದ. ಆಗಲ್ಲ ಅಂದೋರ್ನೆಲ್ಲ ಆಗುತ್ತೆ ಅನ್ನಿಸ್ದ. ಕಡೀಗೆ ಮುನಸಿಪಾಲ್ಟಿ ಓವರ್‌ಸಿಯರ್ ಟೇಪು ಹಿಡ್ಕೊಂಡು ಬಂದು ಬೀದಿ ಅಳೆದ. "ಜಗ್ಲಿ ಎಲ್ಲಾ ತಗೀಬೇಕು. ಇಲ್ದಿದ್ರೆ ಬಸ್ಸು ನುಗ್ಗಲ್ಲ," ಅಂದ. ಬಸ್ಸು ನಿಲ್ಲಾಕೆ ಬೀದಿ ಆ ಕೊನೇಲಿ, ಸಂತೆ ಮಾಳದ ಪಕ್ಕ ಜಾಗ ಗುರ್ತು ಮಾಡ್ದ. ಬೀದ್ಯಾಗೆ ನಿಲ್ಲಾಕೆ ಎಡೆ ಇಲ್ಲ, ಅಲ್ಲಿ ನಿಲ್ಲತ್ತೆ ಅಂದ. ಅದನ್ನ ಅವತ್ತು ಯಾರೂ ಕಿವೀಗೆ ಹಾಕ್ಕೊಳ್ಳಿಲ್ಲ. ಜಗ್ಲಿ ಅಂದಿದ್ದೇ ಎಲ್ರ ಕಿವಿ ತುಂಬಿತ್ತು.

ನಮ್ಮ ಪಕ್ಕದ ಅಂಗ್ಡಿ ರಜಾಯಿ ಹೊಲಿಯೋ ಚಾಚಾಂದು. ಬಿಲ್ಲಿನ ದಾರ ಮಿಡ್ದು ಹತ್ತಿ ಎಕ್ಕಿ ಹಗುರ ಮಾಡಿ, ಜಗ್ಲಿ ಮ್ಯಾಲೆ ಬಟ್ಟೆ ಹರಡಿ ತುಂಬಿ ಹೊಲಿಯೋನು. ಅವನು ಬಂದು ಅಪ್ಪನ ಮುಂದೆ ನಿಂತ.

"ಅರೆ ಭಾಯ್, ಜಗ್ಲಿ ಒಡುದ್ರೆ ನಾನು ರಜಾಯಿ ಎಲ್ಲಿ ಹರಡ್ಲಿ? ನಿನ್ ತಲೆ ಮ್ಯಾಲಾ?"

"ಒಳಗೆ ಹರಡು."

"ಒಳಗೆ ಹತ್ತಿ ಎಕ್ಲಾ, ಹೊಲೀಲಾ? ಆ ಧೂಳ್ನಾಗೆ ಕೆಮ್ಮಿ ಕೆಮ್ಮಿ ಸಾಯ್ತೀನಿ ಕಣೋ."

"ಒಂದ್ ವರ್ಷ ತಡ್ಕ. ಗಿರಾಕಿ ಬಾಗ್ಲಲ್ಲಿ ನಿಂತ್ಕೊತಾರೆ. ದೊಡ್ಡ ಅಂಗ್ಡಿ ಮಾಡ್ವಂತೆ. ನನ್ ಮಾತ್ ನಂಬು."

ಚಾಚಾ ಬಾಳ ಹೊತ್ತು ಗಡ್ಡ ನೀವ್ಕೊಂಡ. "ಮುನಸಿಪಾಲ್ಟಿ ಹೇಳ್ತು ಅಂತ ಅಲ್ಲ. ನೀನ್ ಹೇಳ್ದೆ ಅಂತ ಒಡಿತೀನಿ," ಅಂದ.

ಆದ್ರೂ ಮೊದ್ಲು ಯಾರೂ ಒಡೀಲಿಲ್ಲ. ಒಬ್ರ ಮುಖ ಒಬ್ರು ನೋಡ್ತಾ ಕೂತಿದ್ರು. ಒಂದ್ ಬೆಳಿಗ್ಗೆ ಅಪ್ಪ ನನ್ನ ಕೈಗೆ ಹಾರೆ ಕೊಟ್ಟು, "ನಮ್ದು ಮೊದ್ಲು ತಗೀಲಾ," ಅಂದ. ನಮ್ಮ ತಾತ ಹಾಕ್ಸಿದ್ ಕಲ್ಲು. ಕೂತು ಕೂತು ಮ್ಯಾಲ್ಗಡೆ ಎಣ್ಣೆ ಸವ್ರಿದಂಗಿತ್ತು. ನಾನು ಹಾರೆ ಹಾಕಿ ಮೀಟ್ದೆ. ಕಲ್ಲು ಏಳ್ತು. ನಂಗೇನೂ ಅನ್ನುಸ್ಲಿಲ್ಲ. ಬಸ್ಸು ಬರುತ್ತಲ್ಲ ಅಂತ ಖುಷೀನೇ ಇತ್ತು. ನಮ್ದಾದ್ಮ್ಯಾಲೆ ಚಾಚಾಂದೂ ನಾನೇ ಒಡುದ್ಕೊಟ್ಟೆ. ಅದನ್ನ ನೋಡಿ ಉಳಿದೋರೂ ತಗುದ್ರು. ಸಾಯಂಕಾಲದ ಹೊತ್ಗೆ ಬೀದಿ ಹಲ್ಲು ಬಿದ್ದ ಬಾಯಂಗೆ ಕಾಣ್ತು.

ಬಸ್ಸು ಬಂದ ದಿನ ಹಬ್ಬ. ಬಾನೆಟ್ಗೆ ಚೆಂಡುಹೂ ಹಾರ ಹಾಕಿ, ಗಾಲಿ ಕೆಳಗೆ ನಿಂಬೆಹಣ್ಣು ಇಟ್ರು. ಅಪ್ಪ ತೆಂಗಿನಕಾಯಿ ಒಡ್ದ. ಚಾಚಾ ಸಕ್ರೆ ಹಂಚ್ದ. ಡ್ರೈವರ್ರು ಹಾರ್ನ್ ಹೊಡ್ಕೊಂಡೇ ಬೀದಿ ಪೂರ್ತಿ ಬಂದ. ಮಾಳ್ಗೆ ಮ್ಯಾಲೆಲ್ಲ ಹೆಂಗಸ್ರು. ಶೆಟ್ಟ್ರು ಅಪ್ಪನ ಬೆನ್ನು ತಟ್ಟಿ, "ಎತ್ತು ಬಂತು ಕಣಯ್ಯ," ಅಂದ್ರು. ಅಪ್ಪ ಅವತ್ತು ಮನೇಲಿ ಎರಡು ಸಲ ಅನ್ನ ಹಾಕುಸ್ಕೊಂಡ.

ಒಂದೆರಡು ವಾರ ಜನ ಬಸ್ಸು ನೋಡಾಕೇ ಬಂದ್ರು. ಆಮ್ಯಾಲೆ ಬರೋದು ನಿಲ್ಸುದ್ರು.

ನಮಗೆ ಅರ್ಥ ಆಗ್ಲಿಲ್ಲ. ಬಸ್ಸು ತುಂಬಿ ಬರ್ತಿತ್ತು, ಅಂಗ್ಡಿ ಖಾಲಿ. ನಂಗೆ ಗೊತ್ತಾಗಿದ್ದು ಒಬ್ಳು ಪಾವಗಡದ ಕಡೆ ಅಜ್ಜಿಯಿಂದ. ವರ್ಷಾ ವರ್ಷಾ ನಡ್ಕೊಂಡು ಬಂದು ನಮ್ಮ ಜಗ್ಲಿ ಮ್ಯಾಲೆ ಕೂತು, ಕಾಲು ಒತ್ಕೊಂಡು, ಏನಾನ ತಗೊಂಡು ಹೋಗೋಳು. ಅವತ್ತು ಬಸ್ಸಿನ ಕಿಟ್ಕೀಲಿ ಮುಖ ಹಾಕಿ, ತೆಲುಗು ಬೆರ್ಸಿ ಕೂಗಿದ್ಳು. "ಏನಪ್ಪಾ, ಬಾಗುನ್ನಾರಾ? ಕಾಲ್ನೋವು ತಪ್ತು ಚೂಡು, ಪುಣ್ಯಾತ್ಮರು ನೀವು!" ಅಷ್ಟ್ರಾಗೆ ಬಸ್ಸು ಮುಂದೆ ಹೋಯ್ತು. ಅಪ್ಪ ಕೈ ಎತ್ತಿದ್ದೋನು ಅಂಗೇ ನಿಂತಿದ್ದ.

ಎಲ್ಲಾ ಅಂಗೇ ಹೋಗೋರು. ಅವ್ರ ಮುಖ ನಮ್ಮ ಅಂಗ್ಡಿ ಮುಂದೇನೇ ಹೋಗೋದು, ಕಾಲು ಮಾತ್ರ ಸಂತೆ ಮಾಳದ ಸ್ಟ್ಯಾಂಡಿಗೇ ಹೋಗಿ ಇಳಿಯೋದು. ಅಲ್ಲಿ ರಗ್ಗಿನೋನು ಪೆಟ್ಗೆ ತಂದು ಇಕ್ಕೊಂಡಿದ್ದ, ಹೋಟ್ಲಿನೋನೂ ಬಂದಿದ್ದ. ಇನ್ನೂ ಬೀದ್ಯಾಗೆ ನಡ್ಯೋ ಒಬ್ಬಿಬ್ರು ಬಸ್ಸಿಗೆ ಹೆದ್ರಿ ಹಿಂದಿನ ಓಣಿ ಹಿಡುದ್ರು. ಕಂಬ್ಳಿ ಮ್ಯಾಲೆ ಧೂಳು ಬಿದ್ದು ಕರೀದೆಲ್ಲ ಕೆಂಪಗೆ ಆಯ್ತು. ನಾನು ದಿನಾ ಕೊಡವಿದ್ದೇ ಕೊಡವಿದ್ದು.

ಅಪ್ಪ ಕಂಡಕ್ಟ್ರ ಹತ್ರ ಹೋಗಿ, ಬೀದಿ ಮಧ್ಯೆ ಒಂದ್ ಗಳಿಗೆ ನಿಲ್ಸು ಅಂತ ಕೇಳ್ದ.

"ಅಲ್ಲಿ ನಿಂತ್ರೆ ಹಿಂದಿನ ಗಾಡಿಯೋನು ನಮ್ಮ ಮ್ಯಾಲೆ ಹತ್ತುಸ್ಬೇಕಾ ಯಜಮಾನ?" ಅಂದ ಅವನು. "ನೀವೇ ತಾನೆ ಕರೆಸ್ಕೊಂಡಿದ್ದು?"

ನಾನು ಅಪ್ಪಂಗೆ ನೇರವಾಗೇ ಹೇಳ್ದೆ. "ಸ್ಟ್ಯಾಂಡ್ ಹತ್ರ ಒಂದು ಮಳ್ಗೆ ಹಿಡಿಯಾನ. ಇಲ್ಲಿ ಸಾಯ್ತೀವಿ."

"ಬೀದಿಯೋರ್ನೆಲ್ಲ ಒಡ್ಸಿ ನಾನ್ ಎದ್ದೋಗ್ಲೇನ್ಲಾ?"

"ಅವ್ರೂ ಹೋಗ್ತಾರೆ."

"ಹೋಗ್ಲಿ. ನಾನು ಕೊನೇಗೆ ಹೋಗ್ತೀನಿ. ನಮ್ಮ ಅಂಗ್ಡಿ ಬಾಗ್ಲು ತೆಗ್ದಿರೋಗಂಟ ಬೀದಿ ಸತ್ತಿಲ್ಲ."

ಮೊದ್ಲು ಹೋದೋನು ಚಾಚಾ. ಒಳಗೇ ಎಕ್ಕಿ ಎಕ್ಕಿ ಅವನಿಗೆ ಕೆಮ್ಮು ಹತ್ಕೊಂಡಿತ್ತು. ರಾತ್ರಿ ಎಲ್ಲಾ ನಮ್ಮನೆಗೆ ಕೇಳೋದು. ತುಮಕೂರಿನಾಗೆ ಮಗಳ ಮನೆ ಇತ್ತು, ಅಲ್ಲಿಗೆ ಹೊರ್ಟ. ಅಪ್ಪನ್ನ ಬೈಲಿಲ್ಲ. "ಖುದಾ ಹಾಫಿಜ್ ಭಾಯ್," ಅಂತಷ್ಟೇ ಅಂದು, ಬಿಲ್ಲು ಹೆಗಲಿಗೆ ಹಾಕ್ಕೊಂಡು ಹೋದ. ಬೈದಿದ್ರೆ ಅಪ್ಪಂಗೆ ಒಳ್ಳೇದಿತ್ತು. ಅವತ್ತಿಂದ ಅವನು ಉಣ್ಣೋದು ಕಮ್ಮಿ ಮಾಡ್ದ.

ಆದ್ರೂ ಒಂದು ಆಸೆ ಇತ್ತು. ಚಳಿಗಾಲ. ಗೌಡಗೆರೆ ಕಡೆ ಒಬ್ಬ ನೇಯೋ ಯಜಮಾನ ಇದ್ದ. ಅವನ ಹಟ್ಟಿ ಕಂಬ್ಳಿ ನಮ್ಮೂರ್ನಾಗೆಲ್ಲ ಹೆಸ್ರುವಾಸಿ. ವರ್ಷಕ್ಕೊಂದು ಸಲ ಚಳಿ ಮುಂಚೆ ಗಾಡಿ ತುಂಬಿ ನಮಗೇ ತರೋನು. ಆ ಸರಕು ಕೈಗೆ ಬಂದ್ರೆ ಅದನ್ನ ಕೇಳ್ಕೊಂಡು ಜನ ಬಂದೇ ಬರ್ತಾರೆ, ಬಸ್ಸಲ್ಲ ಇಮಾನ ಬಂದ್ರೂ ನಡ್ಕೊಂಡು ಬರ್ತಾರೆ ಅಂತ ಅಪ್ಪ ಹೇಳೋನು. ನಾನೂ ನಂಬಿದ್ದೆ. ಯಾಕಂದ್ರೆ ಅದು ನಿಜ.

ಅವನು ಬಂದ. ಗಾಡಿ ಹಿಂದಿನ ಓಣೀಲಿ ನಿಲ್ಸಿ, ಮಾದ್ರಿಗೆ ಒಂದು ಗಂಟು ಹೊತ್ಕೊಂಡು ಬೀದಿಗೆ ಬಂದು, ಸುತ್ತ ನೋಡ್ದ. "ಜಗ್ಲಿ ಎಲ್ಲಿ?" ಅಂದ.

"ತಗುದ್ಬುಟ್ವಿ," ಅಂದ ಅಪ್ಪ.

"ಮತ್ತೆ ಎಲ್ ಕೂತ್ಕೊಳ್ಳಿ?"

ಒಳಗೆ ಕತ್ಲು, ಕಂಬ್ಳಿ ರಾಶಿ. ಹೊಸ್ಲ ಮ್ಯಾಲೆ ಕೂತು ಯಾಪಾರ ಮಾಡಂಗಿಲ್ಲ, ಲಕ್ಷ್ಮಿ ಬರೋ ಜಾಗ. ಇಬ್ರೂ ಬೀದೀಲೇ ನಿಂತ್ಕೊಂಡ್ರು. ನಾನು ಮೂಲೆ ಹಿಡ್ದೆ, ನೀರು ಉಯ್ದ್ರು, ನೀರು ಕೆಳಕ್ಕಿಳೀಲಿಲ್ಲ. ಅಪ್ಪನ ಮುಖ ಬಾಳ ದಿನದ ಮ್ಯಾಲೆ ಬಿಚ್ಕೊಂತು. ಟವಲ್ ಹಾಕಿದ್ರು. ಬೆರಳು ಹಿಡುದ್ರು. ಯಜಮಾನ ತಲೆ ಅಲ್ಲಾಡ್ಸಿದ, ಅಪ್ಪ ಇನ್ನೊಂದು ಹಿಡ್ದ, ಯಜಮಾನ ಕಣ್ಣು ಮುಚ್ಚಿ ಯೋಚ್ನೆ ಮಾಡ್ದ. ಕುದುರ್ತಾ ಬಂದಿತ್ತು. ನಂಗೆ ಅವ್ರ ಭುಜ ನೋಡುದ್ರೇ ಗೊತ್ತಾಗ್ತದೆ.

ಆಗ ಬಸ್ಸು ಬಂತು. ಡ್ರೈವರ್ರು ಬೆನ್ನಿಗೇ ಹಾರ್ನ್ ಹೊಡ್ದ. ಯಜಮಾನ ಹಳ್ಳಿ ಮನ್ಷ, ಬೆಚ್ಚಿ ಎರಡೂ ಕೈ ಎದೆಗೆ ಎಳ್ಕೊಂಡು ಗೋಡೆಗೆ ಅಂಟ್ಕೊಂಡ. ಟವಲ್ ಕೆಳಗೆ ಬಿತ್ತು. ಬಸ್ಸಿನ ಗಾಲಿ ಅದರ ಮ್ಯಾಲೇ ಹೋಯ್ತು.

ಬಸ್ಸು ಹೋದ್ಮ್ಯಾಲೆ ಇಬ್ರೂ ಒಬ್ರನ್ನೊಬ್ರು ನೋಡ್ಕೊಂಡು ನಿಂತ್ರು.

"ಹಿಡ್ಕಳಿ ಯಜಮಾನ್ರೆ, ಇನ್ನೊಂದ್ಸಲ ಕೈ ಹಿಡ್ಕಳಿ," ಅಂದೆ ನಾನು.

"ಕೈ ಆಚೆ ಬಂತಲ್ಲಪ್ಪ," ಅಂದ ಅವನು.

"ಬಸ್ಸಿಗೆ ಹೆದ್ರಿ ಎಳ್ಕೊಂಡ್ರಿ. ಬೆಲೆಗಲ್ಲ!"

ಅವನು ಅಪ್ಪನ ಕಡೆ ನೋಡ್ದ. ಅಪ್ಪ ಒಂದು ಮಾತು ಅಂದಿದ್ರೆ ಅವನು ಹಿಡೀತಿದ್ದ, ನಂಗೆ ಅನ್ಸೋದು ಅಂಗೆ. ಅಪ್ಪ ಅನ್ನಲಿಲ್ಲ.

"ಬಂತು ಅಂದ್ರೆ ಬಂತು," ಅಂದ ಅಪ್ಪ. "ನಾಳೆ ಬನ್ನಿ."

"ಗಾಡಿ, ಎತ್ತು ಕಟ್ಕೊಂಡು ರಾತ್ರಿ ಎಲ್ಲಿರ್ಲಿ? ಮನೇಲಿ ಹೆಂಗ್ಸಿಗೆ ಉಸಾರಿಲ್ಲ." ಅವನು ಗಂಟು ಕಟ್ಟಿದ. ಕಟ್ಟೋವಾಗ ಎರಡು ಸಲ ಅಪ್ಪನ ಮುಖ ನೋಡ್ದ.

ಅವನು ಓಣಿ ತಿರುಗಿದ್ ಮ್ಯಾಲೆ ನಾನು ಅಪ್ಪಂಗೆ ಬಾಯಿಗೆ ಬಂದಂಗೆ ಬೈದೆ. "ಜಗ್ಲಿ ಒಡ್ಯಾಕೆ ನಿಂಗೆ ತಾತ ಅಡ್ಡ ಬರ್ಲಿಲ್ಲ. ಇದಕ್ಕೆ ಬಂದ್ನಾ?"

"ಅದೊಂದಾನ ಇರ್ಲಿ ಕಣ್ಲಾ," ಅಂದ.

ಯಜಮಾನನ್ನ ತಡ್ಯಾನ ಅಂತ ನಾನು ಓಡಿ ಹೋದೆ. ಸ್ಟ್ಯಾಂಡ್ ಹತ್ರ ಗಾಡಿ ನಿಂತಿತ್ತು. ರಗ್ಗಿನೋನು ನೀರೂ ಉಯ್ಲಿಲ್ಲ, ಟವಲೂ ಹಾಕ್ಲಿಲ್ಲ. ಜನದ ಮಧ್ಯೆ ಬಾಯಾಗೇ ಬೆಲೆ ಕೂಗ್ದ. ಯಜಮಾನಂಗೆ ನಾಚ್ಕೆ ಆಗಿ ನೆಲ ನೋಡ್ತಾ ನಿಂತಿದ್ದ. ಆಮ್ಯಾಲೆ ಹೂಂ ಅಂದ. ಕಂಬ್ಳಿ ಇಳ್ಸಾಕೆ ಶುರು ಮಾಡುದ್ರು. ವಾಪಸ್ ಬಂದೆ.

ಆ ಚಳೀಲಿ ಆ ಕಂಬ್ಳಿಗೆ ಜನ ಬಂದ್ರು. ಅಪ್ಪ ಹೇಳಿದ್ದು ಸರಿಯಾಗಿತ್ತು. ಎಲ್ಲಾ ಸ್ಟ್ಯಾಂಡಿಗೆ ಬಂದ್ರು. ಮಾರನೇ ವರ್ಷ ಯಜಮಾನ ಗಾಡಿ ನೆಟ್ಟಗೆ ಅಲ್ಲಿಗೇ ಹೊಡ್ದ. ಅವನ ತಪ್ಪಲ್ಲ.

ಸಂಕ್ರಾಂತಿ ಕಳ್ದು ನಾವು ಬಾಗ್ಲು ಹಾಕಿದ್ವಿ. ನಮ್ಮ ಮಳ್ಗೇಲಿ ಈಗ ಕಡ್ಲೆಕಾಯಿ ಮೂಟೆ ಒಟ್ಟವ್ರೆ. ಚಾಚಾಂದ್ರಾಗೂ ಮೂಟೆ. ಉಳಿದಿದ್ದ ಕಂಬ್ಳಿ ನಾನು ತಲೆ ಮ್ಯಾಲೆ ಹೊತ್ಕೊಂಡು ಪಾವಗಡ, ನಾಗಲಮಡಿಕೆ, ಕೊರಟಗೆರೆ ಕಡೆ ಹಳ್ಳಿ ಮ್ಯಾಲೆ ಸುತ್ತಿ ಮಾರ್ದೆ. ಈಗ್ಲೂ ಅದೇ ಮಾಡ್ತಿದೀನಿ, ಸರಕು ಬ್ಯಾರೆ ಕಡೆಯಿಂದ ತರ್ತೀನಿ. ನಾಯಿ ಅಟ್ಟುಸ್ಕೊಂಡು ಬರ್ತವೆ. ಕೆಲವು ಕಡೆ ಅಂಗ್ಡಿ ಎಲ್ಲೈತೆ ಅಂತ ಕೇಳ್ತಾರೆ. ಇಲ್ಲ ಅಂತೀನಿ. ಅಂಗ್ಡಿ ಇಲ್ದೋನ್ ಕಂಬ್ಳಿ ನಂಬೋದೆಂಗೆ ಅಂತ ಬೆಲೆ ಇಳ್ಸ್ತಾರೆ.

ಅಪ್ಪ ಮನೇಲೇ ಇರ್ತಾನೆ. ಬೀದಿಗೆ ಕಾಲಿಡಲ್ಲ. ಸಂತೆಗೆ ಹೋಗ್ಬೇಕಾದ್ರೂ ಕೆರೆ ಏರಿ ಮ್ಯಾಲೆ ಬಳಸ್ಕೊಂಡು ಹೋಗ್ತಾನೆ. ನಾನು ಊರಿಗೆ ಬಂದಾಗ್ಲೆಲ್ಲ ಒಂದೇ ಕೇಳೋದು.

"ಬೀದ್ಯಾಗೆ ಯಾರಾನ ಬಾಗ್ಲು ತೆಗ್ದಿದ್ರಾ?"

"ಬಸ್ಸಿನಾಗೆ ಬಂದೆ. ನೋಡ್ಲಿಲ್ಲ," ಅಂತೀನಿ.

ನೋಡಿರ್ತೀನಿ. ಶೆಟ್ಟ್ರ ಬಳೆ ಅಂಗ್ಡಿ ಒಂದು ತೆಗ್ದಿರ್ತದೆ. ಅದನ್ನ ಹೇಳ್ಬುಟ್ರೆ ಅವನು ಎದ್ದು ಅಲ್ಲಿಗೆ ಹೊರಡ್ತಾನೆ. ಹೋದ್ರೆ ಕೂತ್ಕೊಳ್ಳಾಕೆ ಅಲ್ಲಿ ಜಾಗ ಇಲ್ಲ.