ಮೇಲೆ ಕೆಳಗೆ ತುಳಿಯುವ ಸೈಕಲ್

ಬನಹಟ್ಟಿಯಲ್ಲಿ ನನ್ನದೊಂದು ಸೈಕಲ್ ರಿಪೇರಿ ಅಂಗಡಿ ಇದೆ. ಪಕ್ಕದಲ್ಲೇ ವೆಲ್ಡಿಂಗ್ ಮೆಷಿನ್. ಈಗ ರಿಪೇರಿಗೆ ಬರುವವರು ಕಡಿಮೆ, ಆದರೆ ಹೊಸ ಸೈಕಲ್ ಕಂಡುಹಿಡಿದೆ ಎಂದು ಬರುವವರು ಮಾತ್ರ ನಿಂತಿಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮ ಓಣಿಯ ಕಾಕಾ ಬಂದರು. ಆಯುಷ್ಯವೆಲ್ಲ ಕೈಮಗ್ಗದಲ್ಲಿ ನೇಯ್ದವರು.

"ತಮ್ಮಾ, ಮೊಣಕಾಲು ಸುತ್ತ ತಿರುಗಾಕ ಒಲ್ಲೆ ಅಂತೈತಿ. ಮಗ್ಗ ತುಳಿದಂಗ ಮ್ಯಾಲ ಕೆಳಗ ಆದ್ರ ಎಷ್ಟ್ ಬೇಕಾದ್ರೂ ತುಳಿತೇನಿ. ಪೆಡಲ್ ತಗದು ಎರಡು ಉದ್ದನ ಕಬ್ಬಿಣದ ಪಟ್ಟಿ ಕೂಡಸು."

ನನಗೆ ಕೇಳುತ್ತಲೇ ಸುಸ್ತಾಯಿತು. "ಕಾಕಾ, ಹುನ್ನೂರಿನವರೊಬ್ಬರು ಇದನ್ನ ನಮ್ಮಪ್ಪನ ಕೈಲೆ ಮಾಡಿಸಿದ್ರು. ಆಮ್ಯಾಲ ಚಿಮ್ಮಡದವರೊಬ್ಬರು ನನ್ನ ಕೈಲೆ. ಎರಡೂ ನಡಿಲಿಲ್ಲ."

"ಎಲ್ಲಿ ಅದಾವು? ತೋರ್ಸು."

ತೋರಿಸಲು ಏನಿತ್ತು? ಎರಡೂ ಗುಜರಿಗೆ ಹೋಗಿದ್ದವು. ಓಡುವ ಸೈಕಲ್ ಊರ ತುಂಬ ಕಾಣುತ್ತದೆ. ಓಡದೆ ಹೋದದ್ದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ನನ್ನ ಬಾಯಿಮಾತು ಕಾಕಾನ ಮೊಣಕಾಲಿನ ನೋವಿನ ಮುಂದೆ ಯಾವ ಲೆಕ್ಕ?

ಮಾಡಿಕೊಟ್ಟೆ. ಪಟ್ಟಿ ತುಳಿದರೆ ಚೈನ್ ಎಳೆದು ಹಿಂದಿನ ಗಾಲಿ ತಿರುಗುತ್ತಿತ್ತು, ಕಾಲು ಸಡಿಲ ಬಿಟ್ಟರೆ ಸ್ಪ್ರಿಂಗ್ ಪಟ್ಟಿಯನ್ನು ಮೇಲೆತ್ತುತ್ತಿತ್ತು. ಬೆಳಿಗ್ಗೆ ಚಿಮ್ಮಡದ ರಸ್ತೆಗೆ ಒಯ್ದೆವು. ಸಪಾಟು ರಸ್ತೆಯಲ್ಲಿ ಕಾಕಾ ಹೊರಟ ರೀತಿ ನೋಡಿ, ಈ ಸಲ ನಾನೇ ಸೋತರೂ ಸೈ, ಇದು ಓಡಲಿ ಅನ್ನಿಸಿತು. ಸಣ್ಣ ಏರು ಬಂತು. ಕಾಕಾ ಇಳಿದು, ಸೇತುವೆಯ ಕಟ್ಟೆಯ ಮೇಲೆ ಮೊಣಕಾಲು ಹಿಡಿದು ಕುಳಿತರು.

"ಪಟ್ಟಿ ಕೆಳಗ ಬಂದು ದಬಕ್ಕನ ನಿಂದರತೈತಿ. ಪ್ರತಿ ಸಲ ಅಲ್ಲೇ ಮೊಣಕಾಲಿಗೆ ಹೊಡಿತೈತಿ."

ಹುನ್ನೂರಿನವರೂ ಇದನ್ನೇ ಹೇಳಿದ್ದರಂತೆ. ನಾನು ಸೈಕಲ್ ತಳ್ಳಿಕೊಂಡು ಬಂದೆ.

ಅಂಗಡಿಗೆ ಬಂದ ಮೇಲೆ, "ಇದನ್ನ ಬಿಚ್ಚೂದು ಬ್ಯಾಡ ಕಾಕಾ. ಗ್ವಾಡಿಗೆ ತೂಗಹಾಕ್ತೇನಿ, ಮುಂದ ಬರೂರು ನೋಡ್ಲಿ" ಎಂದೆ.

"ಬ್ಯಾಡೋ ಮಾರಾಯಾ, ಮಂದಿ ನಗ್ತಾರ. ಮದಲಿನ ಪೆಡಲ್ ಹಾಕಿಬಿಡು."

ಬಿಚ್ಚಿದೆ. ಪಟ್ಟಿಗಳು ಯಾರದೋ ಗೇಟಿಗೆ ಹೋದವು. ಕಾಕಾ ಈಗ ಸೈಕಲ್ ಹತ್ತುವುದಿಲ್ಲ, ಹ್ಯಾಂಡಲಿಗೆ ಚೀಲ ತೂಗುಹಾಕಿ ತಳ್ಳಿಕೊಂಡು ಸಂತೆಗೆ ಹೋಗುತ್ತಾರೆ. ಹೋಗುವಾಗ ನನ್ನ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂರುತ್ತಾರೆ.

ಹಾಗೆ ಕುಳಿತಿದ್ದ ಒಂದು ದಿನ ಅನಗವಾಡಿಯ ಕಡೆಯವರೊಬ್ಬರು ಬಂದು ಮೊಬೈಲ್ ತೆರೆದರು. ಅದರಲ್ಲಿ ಯಾವ ದೇಶದವನೋ ಒಬ್ಬ ಪಟ್ಟಿ ತುಳಿಯುತ್ತ ಸೈಕಲ್ ಓಡಿಸುತ್ತಿದ್ದ. "ಹೊಸಾದು ಬಂದೈತಿ ನೋಡ್ರಿ. ಹಿಂಥಾದ್ದೊಂದು ಮಾಡಿಕೊಡ್ರಿ."

ನಾನು ಕಾಕಾನ ಮುಖ ನೋಡಿದೆ. ಇದು ನಡೆಯದು ಎಂದು ಹೇಳುವ ಕೆಲಸ ಇನ್ನು ನನ್ನದಲ್ಲ, ಅನುಭವಿಸಿದವರೇ ಹೇಳಲಿ ಎಂದು ಕಾಕಾನಿಗೇ ಬಿಟ್ಟೆ. ಕಾಕಾ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು.

"ಸ್ಪ್ರಿಂಗ್ ಭಾಳ ಬಿರುಸು ಇರಬಾರದ್ರಿ," ಎಂದರು ಬಂದವರಿಗೆ. "ಅದೊಂದು ಮೆತ್ತಗಾದ್ರ ಮೊಣಕಾಲಿಗೆ ಹೊಡಿಯಂಗಿಲ್ಲ, ನಡಿಬಹುದು."

ಇಬ್ಬರೂ ನನ್ನತ್ತ ತಿರುಗಿದರು. ಇದು ನಾಲ್ಕನೆಯದು ಎಂದುಕೊಳ್ಳುತ್ತ ನಾನು ಸ್ಟೂಲ್ ಎಳೆದುಕೊಂಡು ಕುಳಿತೆ.