ಕಾಲರ್ ತಿರುವಲು ಬಂದ ಅಂಗಿ

ಟೈಲರಕ್ಕನ ಗಂಡ ನಮ್ಮ ಬೀದಿಗೆಲ್ಲ ದೇವರಂಥ ಮನುಷ್ಯ. ಕುಡಿಯುವುದಿಲ್ಲ, ಬಡಿಯುವುದಿಲ್ಲ, ಔಷಧಿ ಮಾರುವ ಕೆಲಸವೆಂದು ಅರ್ಧ ವಾರ ಪರವೂರಿನಲ್ಲಿರುತ್ತಿದ್ದ. ದೇವರೂ ಹಾಗೇ, ಬೇಕಾದಾಗ ಕಣ್ಣಿಗೆ ಬೀಳುವುದಿಲ್ಲ.

ಅವನ ಅಂಗಿಗಳನ್ನೆಲ್ಲ ಅಕ್ಕ ತಾನೇ ಹೊಲಿಯುತ್ತಿದ್ದಳು. ಗುಂಡಿ ತೂರಿಸುವ ಕಾಜಾಗಳನ್ನೂ ಕೈಯಲ್ಲೇ ಹಾಕುತ್ತಿದ್ದಳು, ಕೊನೆಯದಕ್ಕೆ ಮಾತ್ರ ಕೆಂಪು ದಾರ, ಅದು ಅವನೊಬ್ಬನ ಅಂಗಿಗೇ. ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿ ಹರಟುತ್ತ ಕೂತಿದ್ದಾಗ ಹೊಸ ಬಡಾವಣೆಯ ಹೆಂಗಸೊಬ್ಬಳು ಬಂದು ಅಂಗಿಯೊಂದನ್ನು ಮೇಜಿನ ಮೇಲಿಟ್ಟಳು.

"ನಮ್ಮನೆಯವರದ್ದು ಅಕ್ಕಾ. ಕಾಲರ್ ಸವೆದಿದೆ, ತಿರುವಿ ಹೊಲಿದುಕೊಡಿ."

ಕೊನೆಯ ಕಾಜಾ ಕೆಂಪಗಿತ್ತು. ಅಕ್ಕ ಅದರ ಮೇಲೆ ಬೆರಳಾಡಿಸಿ, "ನಾಳೆ ಬನ್ನಿ" ಎಂದಳು. ಪಾಪ, ಬಂದವಳಿಗೆ ಏನೂ ಗೊತ್ತಿರಲಿಲ್ಲ.

ಗಂಡನನ್ನು ಹೊರಗೆ ಹಾಕುತ್ತೇನೆಂದು ಅಕ್ಕ ಹೇಳಿದ್ದೇ ತಡ, ಸಂಜೆಗೆ ಅವಳ ಮನೆಯಲ್ಲಿ ಹಿರಿಯರ ಸಭೆ. ನಾನೂ ಹೋದೆ, ಇಂಥದ್ದನ್ನು ತಪ್ಪಿಸಿಕೊಳ್ಳುವಷ್ಟು ಒಳ್ಳೆಯವಳಲ್ಲ ನಾನು.

"ಗಂಡಸು ಕೆಸರು ಕಂಡಲ್ಲಿ ತುಳೀತಾನೆ, ನೀರು ಕಂಡಲ್ಲಿ ತೊಳ್ಕೊತಾನೆ," ಎಂದರು ಅಕ್ಕನ ಅತ್ತೆ. "ನೀನು ಒಂಟಿಯಾಗಿ ಕೂತ್ರೆ ಜನ ನಿನ್ನನ್ನೇ ಹಾದರಗಿತ್ತಿ ಅಂತಾರೆ. ಆಮೇಲೆ ಅಂಗಡಿ ಮುಚ್ಕೊಂಡು ಹೋಗ್ಬೇಕಷ್ಟೆ."

"ಅವರಿಗೇನಂತಾರೆ?" ಅಕ್ಕ ಕೇಳಿದಳು.

"ಅವನಿಗೇನನ್ನೋದು? ಸ್ವಲ್ಪ ರಸಿಕ."

ಗಂಡನ ಅಣ್ಣ ಕನ್ನಡ ಮೇಷ್ಟ್ರು. ಅವರಿಗೆ ಉಸಿರು ಬಿಗಿಹಿಡಿಯಲು ಬಂದರೂ ಬಾಯಿ ಬಿಗಿಹಿಡಿಯಲು ಬಾರದು. "ಹಾದರ ಅಂದ್ರೆ ಹಳಗನ್ನಡದಲ್ಲಿ ಪಾದರ. ಮೂಲ ಪರದಾರ ಅಂತಾರೆ ಪಂಡಿತರು. ಪರರ ಹೆಂಡತಿ ಅಂತ ಅರ್ಥ. ಅವಳ ಹಿಂದೆ ಹೋಗೋ..." ಅಲ್ಲಿಗೆ ಪಾಠ ನಿಂತಿತು.

"ಹೇಳಿ ಭಾವ. ಹೋಗೋದು ಯಾರು?"

"ಗಂಡಸು," ಎಂದರು ಮೇಷ್ಟ್ರು, ನೆಲ ನೋಡುತ್ತ.

"ಆ ಮಾತಿಗೆ ಅಳತೆ ತಗೊಂಡಿದ್ದು ಗಂಡಸಿಂದು, ತೊಡಿಸಿದ್ದು ಹೆಂಗಸಿಗೆ! ನಾನು ಹಾಗೆ ಮಾಡಿದ್ರೆ ಗಿರಾಕಿಗಳು ಬಟ್ಟೆನ ಮುಖಕ್ಕೆ ಎಸೀತಾರೆ."

ಮರುದಿನ ಆ ಹೆಂಗಸು ಬಂದಾಗ ಅಕ್ಕ ಕಾಲರ್ ತಿರುವಿದ ಅಂಗಿಯ ಜೊತೆ ಗಂಡನ ಅಂಗಿಗಳ ಒಂದು ಗಂಟನ್ನೂ ಕೊಟ್ಟಳು. "ಇವೂ ನಿಮ್ಮನೆಯವರದ್ದೇ. ಎಲ್ಲದರ ಕೊನೇ ಕಾಜಾ ನೋಡಿ." ಆಕೆ ನೋಡಿದಳು, ಬೆಂಚಿನ ಮೇಲೆ ಕುಸಿದಳು. ಅಕ್ಕ ನೀರು ಕೊಟ್ಟು ಪಕ್ಕದಲ್ಲೇ ಕೂತಳು. ನನಗೆ ಅಳು ಬಂತು.

ದೇವರಿಗೆ ಎರಡೂ ಗುಡಿಯ ಬಾಗಿಲು ಮುಚ್ಚಿತು. ಈಗ ಅಮ್ಮನ ಮನೆಯೇ ಗತಿ. ಬೀದಿಯವರು ಕೆಲವು ದಿನ ಹಾದರದ ಮಾತನ್ನು ಅಕ್ಕನಿಗೇ ತೊಡಿಸಿ ನೋಡಿದರು. ಆದರೆ ಬಟ್ಟೆ ಹೊಲಿಸಬೇಕಲ್ಲ, ಸುಮ್ಮನಾದರು.

ಮೊನ್ನೆ ಅತ್ತೆ ಅದೇ ಮಗನ ಅಂಗಿ ಹಿಡಿದು ಬಂದಿದ್ದರು. "ಕಾಲರ್ ಸವೆದಿದೆ ಕಣಮ್ಮ, ಸ್ವಲ್ಪ ತಿರುವಿಕೊಡು."

"ಅವನ ಅಳತೆದೇ ಅಲ್ವಾ ಅತ್ತೆ? ಹಾಗೇ ತೊಟ್ಕೊಂಡು ಓಡಾಡ್ಲಿ ಬಿಡಿ."