ಮೊಳೆಬಾಬನ ಗೋಡೆ

ಮಾನಸಿ, ಓಂಕಾರ,

ಮೊನ್ನೆ ನೀವಿಬ್ಬರೂ ಫೋನು ನೋಡಿಕೊಂಡು, ಮಾಳಿಗೆಯ ಹೊಸ ಖೋಲಿಗಳಿಗೆ ಬಾಡಿಗೆ ಕರಾರು ಹೇಗಿರಬೇಕೆಂದು ನಿಮ್ಮಪ್ಪನಿಗೆ ಓದಿ ಹೇಳುತ್ತಿದ್ದಿರಿ. "ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ" ಎಂಬ ಸಾಲು ಬಂದಾಗ ನಾನು ಎದ್ದು ಒಳಗೆ ಹೋದೆ. ಯಾಕೆಂದು ಕೇಳಿದಿರಿ. ನಾಲ್ಕು ಜನರ ಎದುರು ನನಗೆ ಮಾತು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಒಬ್ಬ ಮನುಷ್ಯನಿದ್ದ. ಮಾತನಾಡುವಾಗ ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದ. ಎಮ್ಮೆ ಕೊಳ್ಳಲು ಬಂದವನು ಎಮ್ಮೆಯ ಬೆನ್ನು ಸವರಿದ ಹಾಗೆ ಅಂಗೈಯಿಂದ ಗೋಡೆ ಸವರುತ್ತಲೇ ಮಾತು. ಎಲ್ಲಾದರೂ ಮೊಳೆಯ ತೂತು ಬೆರಳಿಗೆ ಸಿಕ್ಕಿತೋ, ಮಾತು ಅಲ್ಲಿಗೇ ನಿಂತಿತು. ಕಾರವಾರದ ಕೋಡಿಬಾಗದಲ್ಲಿ ನಾವು ಬಾಡಿಗೆಗಿದ್ದ, ಸಾಲು ಖೋಲಿಗಳ ಚಾಳದ ಯಜಮಾನ, ಶಾಂತಾರಾಮ. ಎದುರಿಗೆ ಶಾಂತಾರಾಮಬಾಬ, ಬೆನ್ನ ಹಿಂದೆ ಮೊಳೆಬಾಬ. ಹಿರಿಯರನ್ನು ಅವನು ಇವನು ಅನ್ನಬಾರದೆಂದು ನಿಮಗೆ ಕಲಿಸಿದವಳು ನಾನೇ. ಇವನಿಗೆ ಮಾತ್ರ ಅದಕ್ಕಿಂತ ದೊಡ್ಡ ಮಾತು ನನ್ನ ಕೈಯಿಂದ ಬರುವುದಿಲ್ಲ.

ನಿಮ್ಮ ಅಜ್ಜ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಬೆಳಗಿನ ಪಾಳಿಗೆ ನಮ್ಮೂರು ಹಟ್ಟಿಕೇರಿಯಿಂದ ಹೋಗಿ ಮುಟ್ಟುವುದು ಆಗುವುದಿಲ್ಲವೆಂದು ಅಲ್ಲಿ ಬಿಡಾರ ಮಾಡಿದೆವು. ಒಂದು ಖೋಲಿ, ಒಂದು ಅಡುಗೆಮನೆ, ಸಮುದ್ರದ ಕಡೆಗೆ ಒಂದು ಕಿಟಕಿ. ನಿಮ್ಮಪ್ಪ ಬೆಳೆದದ್ದು ಅಲ್ಲೇ.

"ಮನೆ ಕಟ್ಟೂದು ಇರೂಕಲ್ಲ ವೈನಿ, ಕೊಡೂಕೆ" ಎಂಬುದು ಶಾಂತಾರಾಮನ ಮಾತು. ಹೇಳಿದಂತೆಯೇ ನಡೆದ. ನೌಕಾನೆಲೆಯ ಜನ ಮನೆ ಹುಡುಕಿಕೊಂಡು ಬರತೊಡಗಿದ ಮೇಲೆ ತಾನಿದ್ದ ಮುಂದಿನ ಖೋಲಿಗಳನ್ನು ಒಂದೊಂದಾಗಿ ಅವರಿಗೆ ಕೊಟ್ಟ. ಕೊನೆಗೆ ಹೆಂಡತಿಯನ್ನು ಕರೆದುಕೊಂಡು ಮೆಟ್ಟಿಲ ಕೆಳಗಿನ ಕತ್ತಲೆಗೆ ಹೋದ. ಮೊದಲು ಅಲ್ಲಿ ತೆಂಗಿನಕಾಯಿ ಹಾಕಿಡುತ್ತಿದ್ದರು. ಆ ಹೆಂಗಸು ಹೊಗೆಯಲ್ಲಿ ಕೆಮ್ಮುವುದು ನಮಗೆಲ್ಲ ಕೇಳುತ್ತಿತ್ತು. ಅವನಿಗೆ ಕೇಳಿತೋ ಇಲ್ಲವೋ.

ಪಕ್ಕದ ಖೋಲಿಯ ಸುಲೋಚನಾ ಮಾಜಾಳಿಯವಳು. ಅವಳಿಗೆ ಹೆದರಿಕೆ ಎಂಬುದಿರಲಿಲ್ಲ. ಮೊಳೆ ಹೊಡೆಯುವಳು, ಅವನು ಬರುವ ಸುದ್ದಿ ಸಿಕ್ಕರೆ ಕಿತ್ತು ತೂತಿಗೆ ಸಾಬೂನು ತುಂಬುವಳು. ಒಮ್ಮೆ ಅವನು ಗೋಡೆಗೆ ಮೂಗು ಹಚ್ಚಿ ಮೂಸಿ ನೋಡಿದ.

"ಗೋಡೆಗೆ ಮೀಸಿದ್ಯೇನೆ ಬಾಯಿ?"

"ಹೌದು ಬಾಬ. ಸುಣ್ಣ ಕಾಣದೆ ಎಷ್ಟು ವರ್ಷ ಆಯ್ತು ಪಾಪ, ಸ್ನಾನ ಆದ್ರೂ ಆಗ್ಲಿ ಅಂತ."

ಚೌತಿಯಲ್ಲಿ ಗಣಪತಿಯ ಮೇಲೆ ಮಾಟೋಳಿ ಕಟ್ಟದಿದ್ದರೆ ನಮ್ಮ ಕಡೆ ಹಬ್ಬವಾಗುವುದಿಲ್ಲ. ಅದರಲ್ಲಿ ತೂಗುಬಿಡುವ ಹಣ್ಣು, ಕಾಯಿ, ಎಳೆ ಅಡಿಕೆಯ ಗೊನೆಯ ಭಾರ ತಡೆಯಲು ಮೇಲೆ ಕೊಂಡಿ ಬೇಕು. ಮೊಳೆಬಾಬ ಆ ಕೊಂಡಿಗಳನ್ನೆಲ್ಲ ಕೊಯ್ಯಿಸಿ ತೆಗೆದಿದ್ದ. ನಿಮ್ಮ ಅಜ್ಜ ಕಿಟಕಿಯಿಂದ ಬಾಗಿಲಿಗೆ ಬಿದಿರು ಕಟ್ಟಿ ಮಾಟೋಳಿ ತೂಗಿಸಿದರು. ಅವನು ದರ್ಶನಕ್ಕೆಂದು ಬಂದ. ಮುಗಿದ ಕೈ ಬಿಚ್ಚಿದ್ದೇ, ಗಣಪತಿಯ ಬೆನ್ನ ಹಿಂದೆ ಹಾಕಿ ಗೋಡೆ ಸವರಿದ. "ದೇವರು ನಾಳೆ ಹೋಗ್ತಾನೆ ವೈನಿ, ತೂತು ಹೋಗೂದಿಲ್ಲ" ಎಂದ. ನಾನು ಕೊಟ್ಟ ಕರಿಗಡುಬು ತಿಂದು ಎಣ್ಣೆ ಕೈಯನ್ನು ನಮ್ಮ ಪರದೆಗೆ ಒರೆಸಿಕೊಂಡ. ಗೋಡೆಗೆ ತಾಗಬಾರದಲ್ಲ.

ಅವನು ಹೋದ ಮೇಲೆ ನಿಮ್ಮ ಅಜ್ಜ ನಕ್ಕರು. "ನಮ್ಮನೆ ಅಂತ ಒಂದು ಆಗ್ಲಿ, ಗೋಡೆ ತುಂಬ ಮೊಳೆ ಹೊಡೀತೆ ನೋಡು" ಅಂದರು.

ಅವರಿಗೆ ಅಷ್ಟು ಆಯುಷ್ಯವಿರಲಿಲ್ಲ. ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲ. ಡಿಪೋದಲ್ಲಿ ಖಾಕಿ ಹಾಕಿಕೊಂಡು ನಿಂತ ಒಂದೇ ಒಂದು ಒಳ್ಳೆಯ ಫೋಟೋ ಇತ್ತು. ಅದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆ. ನಿಮ್ಮಪ್ಪ ಕೂತು ಓದುವ ಕಡೆ, ಗೋಡೆಯ ಮೇಲೆ ಅವರು ಇರಬೇಕೆಂದು ನನಗೆ ಆಸೆ. ಬಾಗಿಲ ಮರೆಯಲ್ಲಿ ನಿಂತು ಕೇಳಿದೆ.

"ಬಾಬ, ಒಂದೇ ಮೊಳೆ. ಅವರ ಫೋಟೋಕ್ಕೆ."

ಅವನ ಅಂಗೈ ಗೋಡೆಯ ಮೇಲೆ ಓಡಾಡುತ್ತಿತ್ತು. "ಬೇಜಾರ ಮಾಡ್ಕಬೇಡಿ ವೈನಿ. ಇವತ್ತು ಫೋಟೋ ಅಂತ್ರಿ, ನಾಳೆ ಕ್ಯಾಲೆಂಡರ್ ಅಂತ್ರಿ. ಹೋದವ್ರಿಗೆ ಗೋಡೆ ಎಂತಕ್ಕೆ? ಮನಸಲ್ಲಿದ್ರೆ ಸಾಕು." ಹೊಸ್ತಿಲು ದಾಟಿದ ಮೇಲೆ ಮತ್ತೆ ತಿರುಗಿದ. "ಗಂಡಸಿಲ್ಲದ ಬಿಡಾರ. ನೇವಿಯವ್ರು ಈ ಖೋಲಿ ಕೇಳ್ತಾನೇ ಇದ್ರು. ನಾ ನಿಮ್ಮನ್ನ ಇಟ್ಕಂಡದ್ದೇ ದೊಡ್ಡದು."

ನಿಮ್ಮಪ್ಪನ ಹತ್ತನೇ ತರಗತಿ ಮುಗಿಯುವ ತನಕ ನನಗೆ ಆ ಖೋಲಿ ಬೇಕಿತ್ತು. ಫೋಟೋ ಎತ್ತಿಕೊಂಡು ಒಳಗೆ ಹೋದೆ.

ಅಡುಗೆಮನೆಯ ಹಲಗೆಯಲ್ಲಿಟ್ಟರೆ ಹೊಗೆ. ಅಕ್ಕಿ ಡಬ್ಬಿಯ ಮೇಲಿಟ್ಟರೆ ಮುಚ್ಚಳ ತೆಗೆದಾಗಲೆಲ್ಲ ಬೀಳುವುದು. ಕೊನೆಗೆ ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದೆ. ಸಮುದ್ರದ ಕಡೆಯ ಕಿಟಕಿ. ಮಧ್ಯಾಹ್ನ ಕಳೆದರೆ ಸಂಜೆಯ ತನಕ ಬಿಸಿಲು. ಬಿಸಿಲು ಫೋಟೋದ ಬಣ್ಣ ತಿನ್ನುತ್ತದೆಂದು ನನಗೆ ಗೊತ್ತಿರಲಿಲ್ಲ. ದಿನವೂ ನೋಡುವ ಕಣ್ಣಿಗೆ ತಿಳಿಯಲೂ ಇಲ್ಲ. ತವರಿಗೆ ಹೋಗಿ ಬಂದ ಸುಲೋಚನಾ ಒಂದು ದಿನ, "ವೈನಿ, ಭಾವನ ಕಣ್ಣು ಎಲ್ಲಿ ಹೋಯ್ತು?" ಎಂದಳು. ಖಾಕಿ ಬಿಳಿಚಿ ಹೋಗಿತ್ತು. ಮುಖದಲ್ಲಿ ಮೀಸೆ ಮಾತ್ರ ಉಳಿದಿತ್ತು.

"ಸುತ್ತಿಗೆ ತಾ ಇಲ್ಲಿ. ನಾ ಹೊಡೀತೆ. ಅವ ಎಂತ ಮಾಡ್ತಾ ನೋಡ್ವಾ" ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಹೊಡೆದರೂ ಆ ಕಣ್ಣು ಬರುವುದಿಲ್ಲವಲ್ಲ.

ಹೋದ ವರ್ಷ ಶಾಂತಾರಾಮ ಸತ್ತ. ಹನ್ನೆರಡನೆಯ ದಿನ ಹೋಗಿದ್ದೆ. ಗೌರವದಿಂದಲ್ಲ, ನೋಡಲು. ಚಾಳ ಕೆಡವಿ ಮಗ ದೊಡ್ಡ ಕಟ್ಟಡ ಎಬ್ಬಿಸಿದ್ದಾನೆ. ಇನ್ನೂ ಬಿಡಾರದವರು ಬರದ ಒಂದು ಖೋಲಿಯಲ್ಲಿ ಊಟ. ಹೊಸ ಬಣ್ಣದ ವಾಸನೆ. ಮೊಳೆಬಾಬನ ಫೋಟೋ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿತ್ತು. ಫ್ಯಾನಿನ ಗಾಳಿಗೆ ಮಗುಚಬಾರದೆಂದು ಮುಂದೆ ಒಂದು ತೆಂಗಿನಕಾಯಿ ಆನಿಸಿದ್ದರು. ಮಗ ನನ್ನನ್ನು ಕಂಡು ಹತ್ತಿರ ಬಂದ. ಬರುವಾಗಲೇ ಅವನ ಅಂಗೈ ಗೋಡೆಯ ಮೇಲಿತ್ತು.

"ಮುಂದಿನ ವಾರ ಇಲ್ಲಿ ಜನ ಬರ್ತಾರೆ ಮೌಶಿ. ಗೋಡೆ ಎಂತಕ್ಕೆ ಹಾಳು ಮಾಡೂದು ಅಂತ ಅಪ್ಪನ್ನ ಕುರ್ಚಿ ಮೇಲೇ ಇಟ್ಟೆ."

ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅಳುತ್ತಿದ್ದಾಳೆಂದು ತಿಳಿದು ಯಾರೋ ನೀರು ತಂದು ಕೊಟ್ಟರು. ಪಾಪ ಅನ್ನಿಸಲಿಲ್ಲವೇ ಎಂದು ಕೇಳಬೇಡಿ. ಅನ್ನಿಸಲಿಲ್ಲ.

ಕರಾರಿನಿಂದ ಆ ಸಾಲು ತೆಗೆಯಿರಿ. ಬಿಡಾರದವರು ಬರುವ ಮೊದಲೇ, ಬಿಸಿಲು ಬೀಳದ ಗೋಡೆ ನೋಡಿ ನೀವೇ ಮೊಳೆ ಹೊಡೆದಿಡಿ. ಬರುವವರು ಯಾರನ್ನು ಕಳೆದುಕೊಂಡು ಬರುತ್ತಾರೋ ನಮಗೇನು ಗೊತ್ತು? ಈ ಹಾಳೆಗಳನ್ನು ಚೀಲಕ್ಕೆ ಹಾಕಿ ನಮ್ಮ ಮನೆಯ ಗೋಡೆಯಲ್ಲಿರುವ ಅಜ್ಜನ ಫೋಟೋದ ಹಿಂದೆ, ಅದು ತೂಗುವ ಮೊಳೆಗೇ ತೂಗುಹಾಕಿ. ಗೆದ್ದಲು ಮುಟ್ಟದ ಹಾಗೆ, ಬಿಸಿಲು ತಾಗದ ಹಾಗೆ ನೋಡಿಕೊಳ್ಳಿ.